ತಾಳವಿಲ್ಲದ ಏಳರ ಮಗ್ಗಿ

ಜುಲೈ ೯, ಮಂಗಳವಾರ

ಮೊಮ್ಮಗಳು ಇವತ್ತೂ ಏಳರ ಮಗ್ಗಿಯಲ್ಲಿ ಇಪ್ಪತ್ತೆಂಟಕ್ಕೇ ನಿಂತಳು. ಹೋದ ತಿಂಗಳು ಎಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದ ಹುಡುಗಿ.

ಆಗ ಅವಳ ಟೀಚರು ಮಗ್ಗಿಯನ್ನು ಚಪ್ಪಾಳೆ ತಟ್ಟಿಸಿ, ಹೆಜ್ಜೆ ಹಾಕಿಸಿ ಕಲಿಸುತ್ತಿದ್ದಳು. ಲೆಕ್ಕದ ಪುಸ್ತಕದ ತುಂಬ ಬಣ್ಣದ ಚಿತ್ರ. ಇದು ಶಾಲೆಯೋ ನಾಟಕದ ಕಂಪನಿಯೋ ಎಂದು ನಾನೇ ಅರ್ಜಿ ಬರೆದು, ಬೀದಿಯ ಒಂಬತ್ತು ಮನೆಯವರಿಂದ ಸಹಿ ಹಾಕಿಸಿದೆ. ನನ್ನ ಮಾತಿಗೆ ಯಾರು ಇಲ್ಲ ಅಂದಾರು? ಹೆಡ್ಮಾಸ್ಟರು ಹಾಡು, ಚಿತ್ರ ಎಲ್ಲವನ್ನೂ ಶನಿವಾರದ ಕೊನೆಯ ಪೀರಿಯಡ್ಡಿಗೆ ತಳ್ಳಿದರು.

ಸಂಜೆ ಮಗ್ಗಿ ಒಪ್ಪಿಸುವಾಗ ಅವಳ ಬೆರಳು ಮೇಜಿನ ಮೇಲೆ ತಟ್ಟುತ್ತಿತ್ತು. ಚೇಷ್ಟೆ ಅಂದುಕೊಂಡು ಸ್ಕೇಲಿನಿಂದ ಒಂದು ಬಿಟ್ಟೆ. ಅಳಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಳು. ಆಮೇಲೆ ಹದಿನಾಲ್ಕು ಕೂಡ ಬಾಯಿಗೆ ಬರಲಿಲ್ಲ.

ಸೊಸೆ ಒಲೆ ಆರಿಸಿ ಬಂದಳು. "ಅತ್ತೆ, ಅದು ಚೇಷ್ಟೆ ಅಲ್ಲ. ಅವಳು ತಾಳ ಹಾಕ್ಕೊಂಡೇ ಎಣಿಸೋದು. ಟೀಚರು ಹಾಗೇ ಕಲಿಸಿದ್ದು."

"ನಾವೆಲ್ಲ ತಾಳ ಹಾಕಿ ಕಲಿತ್ವಾ?"

"ನೀವು ಜಾಣರು ಬಿಡಿ. ನನ್ನ ಮಗಳು ಅಷ್ಟು ಜಾಣೆ ಅಲ್ಲ."

ಊಟಕ್ಕೆ ಮಗು ನನ್ನ ಪಕ್ಕ ಕೂರಲಿಲ್ಲ. "ಅಜ್ಜಿ, ಇನ್ಮೇಲೆ ಕೈ ಆಡಿಸಲ್ಲ" ಎಂದಳು, ಅಷ್ಟೇ. ನಾನು ಕೇಳಿದ್ದೂ ಅದನ್ನೇ.

ಬೆಳಗ್ಗೆ ಹೋಗಿ ಅರ್ಜಿ ಹರಿದು ಹಾಕಿ ಎನ್ನಬಹುದು. ಆದರೆ ಆ ಟೀಚರು ವರ್ಗ ಮಾಡಿಸಿಕೊಂಡು ಹೋಗಿ ವಾರವಾಯಿತು. ನನಗೆ ಮಗ್ಗಿ ಬರುತ್ತದೆ, ಆ ತಾಳ ಬರುವುದಿಲ್ಲ. ಈಗ ಅದು ಗೊತ್ತಿರುವುದು ಮಗುವಿಗೆ ಮಾತ್ರ. ಎಂಟು ವರ್ಷದವಳ ಮುಂದೆ ಕುಳಿತು, ನನಗೆ ಹೇಳಿಕೊಡು ಎಂದು ಯಾವ ಬಾಯಿಂದ ಕೇಳಲಿ?