ತಿಕ್ಕಿ ತೊಳೆದ ಪ್ಲೇಟುಗಳು

ಜೂನ್ 3, ಬೆಳಿಗ್ಗೆ

ಒಮ್ಮೆ ಸಿಡಿಲನ್ನು ಬರಿಗೈಯಲ್ಲಿ ಹಿಡಿದು ಪಂಪ್‌ಸೆಟ್ಟಿಗೆ ಬಿಟ್ಟವನು ನಾನು. ಎರಡು ಎಕರೆಗೆ ನೀರು ಹರಿಯಿತು. ನೋಡಿದವರೆಲ್ಲ ತೀರಿಕೊಂಡಿದ್ದಾರೆ, ಏನು ಮಾಡಲಿ. ಇಂಥವನಿಗೆ ಅಕ್ಕನ ಮಗಳು ಕೊಟ್ಟ ಕೆಲಸ — ಮೀಟರ್ ನೋಡುವುದು! ನೋಡಿದೆ. ಮುಳ್ಳು ಹಸಿರು ಗೆರೆಯ ಮೇಲಿದೆ. ಬರೆದಿಟ್ಟೆ.

ಶೆಡ್ಡಿನಲ್ಲಿ ಹುಳ ಸಾಕಿದ್ದಾಳೆ. ಕಣ್ಣಿಗೆ ಕಾಣದ ಹುಳ. ತೊಟ್ಟಿಯ ನೀರಿನಲ್ಲಿ ಕಾರ್ಬನ್ ಪ್ಲೇಟು, ಪ್ಲೇಟಿಗೆ ಕರೆಂಟು. ಹುಳ ಕರೆಂಟು ತಿನ್ನುತ್ತವೆ, ಚಿಮಣಿಯಿಂದ ಬರುವಂಥ ಗ್ಯಾಸು ಕುಡಿಯುತ್ತವೆ, ವಿನೆಗರಿನ ಹುಳಿ ಕೊಡುತ್ತವೆ. ಹೊಗೆಯಿಂದ ಸರಕು! ಹತ್ತನೇ ತಾರೀಕು, ಇದಕ್ಕೆ ದುಡ್ಡು ಹಾಕಿರುವ ಕಂಪನಿಯ ಮ್ಯಾನೇಜರಮ್ಮ ಬರುತ್ತಾರೆ. ತೊಟ್ಟಿ ಓಡುತ್ತಿದ್ದರೆ ದೊಡ್ಡ ಪ್ಲಾಂಟು. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ಹುಡುಗಿ ಬೀದಿಗೆ. ನನ್ನ ದುಡ್ಡೂ ಒಂದಿಷ್ಟಿದೆ ಇದರಲ್ಲಿ. ಚಿಲ್ಲರೆ.

ಜೂನ್ 8

ಅವಳು ಪೇಟೆಗೆ ಹೋಗಿದ್ದಳು. ತೊಟ್ಟಿಯ ಮುಚ್ಚಳ ತೆಗೆದೆ. "ಮುಟ್ಟಬೇಡಿ ಮಾವ" ಅಂದಿದ್ದಳು — ಅದು ಗೊತ್ತಿಲ್ಲದವರಿಗೆ ಹೇಳುವ ಮಾತು. ಅಬ್ಬಬ್ಬಾ, ಪ್ಲೇಟಿನ ತುಂಬ ಲೋಳೆ! ಪಾಚಿಯ ಹಾಗೆ. ಇಷ್ಟು ಓದಿದ ಹುಡುಗಿ, ಇಷ್ಟು ಗಲೀಜು. ಜೀವಮಾನವಿಡೀ ಮೋಟಾರು ಬಿಚ್ಚಿ ಕಲಿತದ್ದು ಒಂದೇ: ಕೊಳೆ ಕೂತ ಕಡೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಸ್ಯಾಂಡ್‌ಪೇಪರ್ ತಂದು ಒಂದೊಂದನ್ನೂ ತಿಕ್ಕಿದೆ. ತೊಳೆದೆ. ಅಂಗಡಿಯಿಂದ ಈಗಷ್ಟೇ ತಂದ ಹಾಗಿವೆ. ಹೇಳುವುದಿಲ್ಲ. ಮುಳ್ಳು ನೆಗೆದಾಗ ತಾನೇ ಕೇಳುತ್ತಾಳೆ.

ಜೂನ್ 9, ಬೆಳಿಗ್ಗೆ

ಮುಳ್ಳು ಮಲಗಿದೆ. ಫ್ಯೂಸ್ ನೋಡಿದೆ, ವೈರು ನೋಡಿದೆ. ಸರಿಯಿವೆ.

"ಮಾವ, ಮುಚ್ಚಳ ಯಾರಾದ್ರೂ ತೆಗೆದ್ರಾ?"

"ನಾನಿಲ್ಲಿ ಕೂತಿರುವಾಗ ಯಾರಿಗಿದೆಯಮ್ಮ ಅಷ್ಟು ಧೈರ್ಯ?"

ತೆಗೆದು ನೋಡಲು ಅವಳಿಗೂ ಹೆದರಿಕೆ. ಗಾಳಿ ಹೊಕ್ಕರೆ ಹುಳ ಸಾಯುತ್ತವಂತೆ. ಕೊನೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಪ್ಲೇಟಿನ ಮೇಲೆ ಲೋಳೆ ಇದೆಯಲ್ಲ ಮಾವ, ಹುಳಗಳೇ ಅದು. ಕಟ್ಟೋಕೆ ಮೂರು ತಿಂಗಳು ಬೇಕಾಯ್ತು. ಅದೊಂದು ಉಳಿದಿದ್ರೆ ಎಲ್ಲ ಸರಿಹೋಗುತ್ತೆ."

ಹೊರಗೆ ಬಂದು ಕೂತೆ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು.

ಮಧ್ಯಾಹ್ನ

ಗ್ಯಾಸೇ ಕೆಟ್ಟಿದೆ ಅಂತ ತೀರ್ಮಾನಿಸಿದ್ದಾಳೆ. ಸಿಲಿಂಡರ್ ತಂದುಕೊಡುವವನನ್ನು ಕರೆಸಿದಳು. ಪಾಪ, ಬೆವೆತುಹೋಗಿದ್ದ.

"ನನ್ನ ಮಕ್ಕಳಾಣೆ ಮೇಡಂ, ಬೇರೆಯವರಿಗೂ ಇದೇ ಗ್ಯಾಸ್ ಕೊಟ್ಟಿದ್ದೀನಿ. ನೀವು ಕಂಪ್ಲೇಂಟ್ ಕೊಟ್ರೆ ನನ್ನ ಕೆಲಸಾನೇ ಹೋಗುತ್ತೆ." ನನ್ನ ಕಡೆ ತಿರುಗಿದ. "ಯಜಮಾನ್ರೇ, ನೀವಾದ್ರೂ ಒಂದು ಮಾತು ಹೇಳಿ."

ಹೇಳಿದೆ. "ಟೀ ಕುಡೀತೀಯೇನಪ್ಪಾ?" ಅಂದೆ.

ಜೂನ್ 10

ಬೆಳಿಗ್ಗೆ ಮ್ಯಾನೇಜರಮ್ಮ ಬರುವ ಮೊದಲು ಅವಳು ಮೊಬೈಲಿನಲ್ಲಿ ಆ ಕಂಪ್ಲೇಂಟ್ ಬರೆಯುತ್ತಿದ್ದಳು. ಬೆರಳು ಕಳಿಸುವ ಗುಂಡಿಯ ಮೇಲೆ. ಬಾಯಿ ತಾನಾಗಿ ತೆರೆಯಿತು.

"ಕಳಿಸಬೇಡ ಕಣೇ. ನಾನು ತಿಕ್ಕಿದೆ."

"ಏನನ್ನ?"

"ಪ್ಲೇಟು. ಸ್ಯಾಂಡ್‌ಪೇಪರ್‌ನಲ್ಲಿ."

"...ಎಲ್ಲಾನೂ?"

"ಎರಡೂ ಕಡೆ."

ನಕ್ಕಳು. ನಗುತ್ತಲೇ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನಗುತ್ತಿರಲಿಲ್ಲ.

ಮ್ಯಾನೇಜರಮ್ಮ ಮೀಟರ್ ನೋಡಿದರು. ಹುಡುಗಿ ನನ್ನ ಹೆಸರೆತ್ತಲಿಲ್ಲ. ತಪ್ಪು ನಮ್ಮದೇ, ಇನ್ನು ಮೂರು ತಿಂಗಳು ಕೊಡಿ ಅಂದಳು. "ಓಡದೇ ಇರೋ ತೊಟ್ಟಿಗೆ ನಾನು ಹೇಗಮ್ಮ ಸಹಿ ಹಾಕಲಿ?" ಕೊಟ್ಟ ನೀರನ್ನೂ ಕುಡಿಯದೆ ಹೊರಟರು.

ಜೂನ್ 21

ಶೆಡ್ಡಿಗೆ ಬೀಗ ಬಿತ್ತು. ಹುಡುಗಿ ಒಂದು ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡಳು. ಅದರಲ್ಲಿ ನಾಲ್ಕು ಹುಳ ಬದುಕಿರಬಹುದಂತೆ. ಮೊದಲಿಂದ ಶುರು ಮಾಡುತ್ತಾಳಂತೆ, ಎಲ್ಲಿ ಅಂತ ಗೊತ್ತಿಲ್ಲ. ಬಾಟಲಿ ಹಿಡಿಯಲು ಕೈ ಚಾಚಿದೆ. "ಬೇಡ ಮಾವ" ಅಂದಳು. ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಗೇಟಿನ ಹತ್ತಿರ ಕೇಳಿದಳು, "ನಿಮ್ಮ ದುಡ್ಡೆಷ್ಟು ಹೋಯ್ತು? ಅಮ್ಮನ ಕೈಯಲ್ಲಿ ಕೊಟ್ಟಿದ್ರಿ, ಅವಳು ಬಾಯೇ ಬಿಡಲ್ಲ."

"ಹೋಗ್ಲಿ ಬಿಡೆ. ನನಗೇನು ಕಮ್ಮಿ."

ಮನೆಯಲ್ಲೂ ಕೇಳಿದಳು ಹೆಂಡತಿ. ಐವತ್ತು ಸಾವಿರ ಅಂದೆ. ಅಷ್ಟಕ್ಕೇ ಊಟ ಬಿಟ್ಟು ಎದ್ದಳು. ನನ್ನ ಮೋಟಾರ್ ರಿಪೇರಿ ಅಂಗಡಿ ಬಾಡಿಗೆಗೆ ಕೊಟ್ಟಿದ್ದೇನೆ ಅಂತ ನಂಬಿದ್ದಾಳೆ. ಮಾರಿದ್ದೇನೆ. ನಾಲ್ಕು ಲಕ್ಷ ಎಂಬತ್ತು ಸಾವಿರ. ಅಷ್ಟೂ ತೊಟ್ಟಿಗೆ.

ಇಲ್ಲ... ಇಲ್ಲೂ ಕಡಿಮೆ ಬರೆದೆ. ಹೆಂಡತಿಗೆ ಹೇಳದೆ ಅಡವಿಟ್ಟ ಅವಳ ಚಿನ್ನದ ಬಳೆಯದೂ ಸೇರಿದರೆ ಐದು ಲಕ್ಷ ಅರವತ್ತು ಸಾವಿರ —