ಮುಖ ನನ್ನದು, ದನಿ ಅವಳದು

ಅಕ್ಟೋಬರ್ 6, 1930. ಪ್ಯಾರಿಸ್
ಬೆಳಿಗ್ಗೆ ಮೇಕಪ್. ನಾಡಿದ್ದು ಮೈಕಿನ ಪರೀಕ್ಷೆ. ಇಷ್ಟು ವರ್ಷ ಮೂಕಿ ಚಿತ್ರಗಳಲ್ಲಿ ಅತ್ತೆ, ನಕ್ಕೆ, ಸತ್ತೆ — ಬಾಯಿಬಿಟ್ಟು ಮಾತಾಡುವುದು ಇದೇ ಮೊದಲು. ಅಮ್ಮನಿಗೆ ಹೇಳಿ ಕಳಿಸಿದ್ದೇನೆ. ಅವಳ ಕಣ್ಣು ಹೋದ ಮೇಲೆ ನಾನು ನಟಿಯಾದದ್ದು. ನನ್ನ ಒಂದು ಚಿತ್ರವನ್ನೂ ಕಂಡವಳಲ್ಲ. ಪಕ್ಕದ ಮನೆಯ ಅನಿಕ್ ಕಥೆ ಹೇಳಬೇಕು, ಇವಳು ಕೇಳಬೇಕು. ಈ ಸಲ ಕಿವಿಯೊಂದಿದ್ದರೆ ಸಾಕು.

ಅಕ್ಟೋಬರ್ 8
ನಿರ್ದೇಶಕ ರೊಸ್ನೆ ಹೆಡ್‌ಫೋನ್ ತೆಗೆದು ನಕ್ಕರು.
"ಕೊರಾಂತೀನ್, ಈ ಚಿತ್ರದಲ್ಲಿ ನೀನು ದೊಡ್ಡಮನೆ ಕೌಂಟೆಸ್ ಕಣಮ್ಮ! ಈ ದನಿ ಕೇಳಿದ್ರೆ ಬಂದರಲ್ಲಿ ಮೀನು ಮಾರೋಳು ಅಂತಾರೆ."
"ಮಾರ್ತಿದ್ದೆ ಸಾರ್. ಇಲ್ಲಿಗೆ ಬರೋ ಮುಂಚೆ ಅದೇ ಕೆಲಸ."
ಎಲ್ಲರೂ ನಕ್ಕರು. ನಾನೂ.
ಮುಖ ನನ್ನದೇ ಇರುತ್ತದಂತೆ. ದನಿ ಮಾತ್ರ ಜಿಸೆಲ್ ಎಂಬ ಹೊಸ ಹುಡುಗಿಯದು. ಕ್ಯಾಮೆರಾ ಹಿಂದೆ ನಿಂತು ಅವಳು ಮಾತಾಡುವುದು, ನಾನು ತುಟಿ ಆಡಿಸುವುದು.
ಅಮ್ಮನಿಗೆ ಏನು ಹೇಳಲಿ...

ಫೆಬ್ರವರಿ 15, 1931. ಊರು
ಹೇಳಲೇ ಇಲ್ಲ.
ಇಡೀ ಕೇರಿ ಟಾಕೀಸಿಗೆ ಬಂದಿತ್ತು. ಅಮ್ಮ ಹಬ್ಬದ ಲೇಸ್ ಟೋಪಿ ತೊಟ್ಟು ಮುಂದಿನ ಸಾಲಿನಲ್ಲಿ. ನನ್ನ ಕೈ ಅವಳ ಮಡಿಲಲ್ಲಿ. ಅರ್ಧ ಚಿತ್ರ ಕಳೆದ ಮೇಲೆ ಪಿಸುಗುಟ್ಟಿದಳು:
"ಬರೀ ಈ ಹೆಂಗಸೇ ಮಾತಾಡ್ತಿದಾಳಲ್ಲೇ. ನೀನು ಬರೋದು ಯಾವಾಗ?"
"ಬರ್ತೀನಿ, ಇರಮ್ಮ."
ಕೌಂಟೆಸ್ ಮಗುವನ್ನು ಬಿಟ್ಟು ಹೋಗುವ ದೃಶ್ಯ ಬಂತು. ತಡೆಯಲಾಗಲಿಲ್ಲ. ಅಮ್ಮನ ಕಿವಿಗೆ ಬಾಯಿಟ್ಟು ಆ ಮಾತುಗಳನ್ನೆಲ್ಲ ನಾನೇ ಆಡಿದೆ. ಬಂದರಿನ ದನಿಯಲ್ಲೇ.
ಹಿಂದಿನಿಂದ ಯಾರೋ, "ಏಯ್, ಬಾಯ್ಮುಚ್ಚೇ! ಕೌಂಟೆಸ್ ಮಾತು ಕೇಳಿಸ್ತಿಲ್ಲ!"
ಅಮ್ಮ ತಿರುಗಿದಳು. "ಕೌಂಟೆಸ್ ಇಲ್ಲೇ ಕೂತಿದಾಳೆ ಕಣೋ. ನೀನು ಮುಚ್ಚು!"
ಮನೆಗೆ ಬರುವಾಗ ಅಂದದ್ದು ಒಂದೇ ಮಾತು: "ನಿನ್ನ ಬಾಯಿಗೆ ದನಿ ಕೊಟ್ಟ ಆ ಹುಡುಗೀನ ಬೈಬೇಡ. ಅವಳಿಗೂ ಹೊಟ್ಟೆಪಾಡು."

ಫೆಬ್ರವರಿ 27. ಪ್ಯಾರಿಸ್
ರೊಸ್ನೆ ಕರೆಸಿದ್ದರು. ಮುಂದಿನ ಚಿತ್ರದಲ್ಲಿ ದನಿ ಜಿಸೆಲ್‌ಳದು. ಮುಖವೂ ಅವಳದೇ. ನನಗೆ — ನೋಡೋಣ ಅಂದರು.
ಮೆಟ್ಟಿಲ ಬಳಿ ಹುಡುಗಿ ಕಾದು ನಿಂತಿದ್ದಳು. ಮುಖ ಬಿಳುಚಿತ್ತು.
"ಅಕ್ಕಾ, ನಾನಾಗಿ ಕೇಳಿದ್ದಲ್ಲ... ಅಳೋ ಸೀನು ಬಂದ್ರೆ ನಂಗೆ ಮುಖಾನೇ ಕೂಡಿ ಬರಲ್ಲ. ಹೇಳ್ಕೊಡ್ತೀರಾ?"
ಹೋಗೇ, ಎನ್ನಬೇಕಿತ್ತು. ಕರೆದುಕೊಂಡು ಹೋಗಿ ಕನ್ನಡಿ ಮುಂದೆ ಕೂರಿಸಿದೆ.
"ಮೊದಲು ಕಣ್ಣಲ್ಲ ಮಗಳೇ, ಗದ್ದ. ಗದ್ದ ನಡುಗಲಿ. ಕಣ್ಣು ತಾನಾಗೇ ಬರುತ್ತೆ."
ಮಾಡಿದಳು. ಚೆನ್ನಾಗಿಯೇ ಮಾಡಿದಳು. ಇನ್ನೊಂದು ಸಲ ನೀವೇ ತೋರಿಸಿ, ಅಂದಳು.
ತೋರಿಸಿದೆ. ಆಮೇಲೆ ಅಳು ನಿಲ್ಲಿಸುವುದು ಹೇಗೆಂದು ಮಾತ್ರ ನನಗೇ ಗೊತ್ತಾಗಲಿಲ್ಲ.