ಬಿಟ್ಟಿ ಸಿಸ್ಟಮ್ಮಿಗೆ ನನ್ನ ಒಪ್ಪಿಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.50

ಮತ್ತೆ ಅಪ್‌ಡೇಟ್. ಕಂಪ್ಯೂಟರ್ ಗೊರ್ ಅನ್ನುತ್ತಾ ಕೂತಿದೆ, ನಾನೂ ಕೂತಿದ್ದೇನೆ. ಇಯರ್‌ಫೋನಿನಲ್ಲಿ ಸದ್ದಿಲ್ಲ. ಸ್ಕ್ರೀನ್ ರೀಡರ್ ಓದಿ ಹೇಳದಿದ್ದರೆ ನನ್ನ ಪಾಲಿಗೆ ಇದು ಬರೀ ತಗಡಿನ ಡಬ್ಬ. ಹುಟ್ಟಿನಿಂದ ಕಣ್ಣು ಕಾಣದವಳ ಮುಂದೆ ಮೂಕ ಕಂಪ್ಯೂಟರ್ ಇಟ್ಟು ಏನು ಪ್ರಯೋಜನ... ಸದ್ಯಕ್ಕೆ ಫೋನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಶ್ವಾಸಕೋಶದ ಡಾಕ್ಟರ ರಿಪೋರ್ಟುಗಳು ಕಾದಿವೆ. ಆತ ಬಾಯಲ್ಲಿ ಏನೋ ಜಗಿಯುತ್ತಾ ರೆಕಾರ್ಡ್ ಮಾಡಿ ಕಳಿಸುತ್ತಾನೆ, ನಾವು ಕೇಳಿ ಟೈಪ್ ಮಾಡಿಕೊಡಬೇಕು. ಅದೇ ನಮ್ಮ ಹೊಟ್ಟೆಪಾಡು. ಕೋಣೆಯಲ್ಲಿ ಐದು ಜನ ಇದ್ದೇವೆ. ನನ್ನ ವೇಗ ಯಾರಿಗೂ ಇಲ್ಲ. ಜಂಬವಲ್ಲ. ಸರಿ, ಜಂಬವೇ.

ಮಧ್ಯಾಹ್ನ 12.30

ಕಿರ್‌ಬೂಟು ಬಂದಿದ್ದರು. ನಮ್ಮ ಮ್ಯಾನೇಜರು. ಬೂಟು ಎಷ್ಟು ಸಲ ಹೊಸದು ತಂದರೂ ಕಿರ್ ಅನ್ನುವುದು ಬಿಟ್ಟಿಲ್ಲ. ದೋಷ ಕಾಲಿನದ್ದೇ ಇರಬೇಕು.

"ಮೇಡಂ, ಈ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಸ್ವಲ್ಪ ದಿನಕ್ಕೆ ಅಪ್‌ಡೇಟ್ ನಿಲ್ಲಿಸ್ತಾರಂತೆ. ಇದರ ಹೊಸ ವರ್ಷನ್ ನಮ್ಮ ಹಳೇ ಕಂಪ್ಯೂಟರ್‌ಗಳಿಗೆ ಹಿಡಿಸಲ್ಲ. ಅದಕ್ಕೆ ಬೇರೆ ಸಿಸ್ಟಮ್‌ಗೇ ಹೋಗಿಬಿಡೋಣ ಅಂತ. ಫ್ರೀ ಸಿಗುತ್ತೆ."

ಆ ಫ್ರೀ ಅನ್ನುವಾಗ ಬಾಯಲ್ಲಿ ನೀರೂರಿದ್ದು ಕೇಳಿಸಿತು.

"ಆದ್ರೆ ನಿಮಗೆ ಆಗಲ್ಲ ಅಂದ್ರೆ ನಾವು ಮಾಡೋ ಹಾಗಿಲ್ಲ. ಕಣ್ಣು ಕಾಣದವರಿಗೆ ಅಂತ ಇರೋ ರೂಲ್ಸು. ಒಂದು ವಾರ ಅದರಲ್ಲೇ ಕೆಲಸ ಮಾಡಿ ನೋಡಿ. ಆಮೇಲೆ ಹೂಂ ಅಥವಾ ಊಹೂಂ."

ಅಂದರೆ ಇಡೀ ಆಫೀಸಿನ ಜುಟ್ಟು ನನ್ನ ಕೈಗೆ ಬಂತು. ಊಹೂಂ ಅಂತ ಈಗಲೇ ತೀರ್ಮಾನ ಮಾಡಿದ್ದೇನೆ. ಹಳೇ ಸಿಸ್ಟಮ್ಮಿನ ಸಂದುಗೊಂದು ಎಲ್ಲ ನನ್ನ ಬೆರಳಿಗೆ ಗೊತ್ತು. ಎಂಟು ವರ್ಷದಿಂದ ಇಲ್ಲಿ ಯಾರನ್ನೂ "ಸ್ವಲ್ಪ ನೋಡಿ ಹೇಳ್ತೀರಾ" ಅಂತ ಕೇಳಿಲ್ಲ. ಆ ಒಂದು ಮಾತು ಕೇಳದೆ ಬದುಕಬೇಕು ಅಂತಲೇ ಈ ಕೆಲಸ ಕಲಿತದ್ದು. ಸೇರಿದ ಹೊಸದರಲ್ಲಿ ಇದೇ ಕಿರ್‌ಬೂಟು ನನ್ನನ್ನು ಫೋನ್ ಎತ್ತುವ ಕುರ್ಚಿಗೆ ಕೂರಿಸಲು ನೋಡಿದ್ದರು. ಮರೆತಿಲ್ಲ.

ಮಾರ್ಚ್ 4, ಮಂಗಳವಾರ. ಸಂಜೆ

ಕಂಪ್ಯೂಟರ್ ರಿಪೇರಿಯವನು ಬಂದಿದ್ದ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಹೆಜ್ಜೆಗೊಮ್ಮೆ ಝಣ್. ಕೀಚೈನು ಅಂತ ಹೆಸರಿಟ್ಟೆ. ಮಹಾಶಯ ನನಗೆ ಹೊಸ ಸಿಸ್ಟಮ್ ಪರಿಚಯ ಮಾಡಿಕೊಟ್ಟದ್ದು ಹೀಗೆ—

"ತುಂಬಾ ಈಸಿ ಮೇಡಂ. ಎಡಗಡೆ ಮೇಲೆ ಒಂದು ಹಸಿರು ಚಿತ್ರ ಇದೆಯಲ್ಲ, ಅದನ್ನ ಒತ್ತಿ."

ಸುಮ್ಮನೆ ಅವನ ಕಡೆ ಮುಖ ತಿರುಗಿಸಿ ಕೂತೆ. ಝಣ್ ಅಂತ ಒಂದು ಸಲ ಆಯಿತು. ಆಮೇಲೆ, "ಸಾರಿ ಮೇಡಂ." ಐದು ನಿಮಿಷಕ್ಕೆ ಮತ್ತೆ, "ಇಲ್ಲಿ ನೋಡಿ, ಇದು ಕೆಂಪಾಗುತ್ತೆ."

ಹೊಸ ಸಿಸ್ಟಮ್ಮಿನ ಧ್ವನಿಯೋ, ಯಾರೋ ಬಕೆಟ್ಟಿನೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ಹಳೇ ಧ್ವನಿಯನ್ನು ನಾನು ಎಷ್ಟು ವೇಗಕ್ಕೆ ಇಟ್ಟಿದ್ದೇನೆಂದರೆ ಬೇರೆಯವರಿಗೆ ಅದು ಮಾತು ಅಂತಲೇ ತಿಳಿಯದು. ಇದನ್ನು ಅಷ್ಟು ಓಡಿಸಿದರೆ ಮುಗ್ಗರಿಸುತ್ತದೆ. ಇದಕ್ಕೊಂದು ದೊಡ್ಡ ಹೆಸರಿದೆ. ಬರೆಯುವುದಿಲ್ಲ. ಬಿಟ್ಟಿ ಅಂತಲೇ ಬರೆಯುತ್ತೇನೆ.

ಮಾರ್ಚ್ 5

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತಪ್ಪ" ಅಂದರು. ನಲ್ಲಿ ಸೋರಿದರೂ ಅಡ್ಜಸ್ಟು, ಮೇಲಿನ ಮನೆಯವರು ಕುಣಿದರೂ ಅಡ್ಜಸ್ಟು. ಈ ಮನುಷ್ಯನನ್ನು ಕಟ್ಟಿಕೊಂಡು ನಾನೇ ದೊಡ್ಡ ಅಡ್ಜಸ್ಟ್ ಮಾಡಿದ್ದೇನೆ ಅಂದೆ. ನಕ್ಕರು. ಬೈದರೂ ನಗುವವರ ಜೊತೆ ಜಗಳ ಆಡುವುದು ಹೇಗೆ...

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಇವತ್ತಿನಿಂದ ಬಿಟ್ಟಿಯ ಜೊತೆ ಸಂಸಾರ, ಸದ್ಯಕ್ಕೆ ನಾನೊಬ್ಬಳೇ.

ಒಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಅಷ್ಟೇನೂ ಕೆಟ್ಟದಾಗಿಲ್ಲ. ಬೇಗ ಏಳುತ್ತದೆ. ಕೆಲಸದ ಮಧ್ಯೆ ಅಪ್‌ಡೇಟ್ ಅಂತ ಕೈಕೊಡುವುದಿಲ್ಲ. ಕಿರ್‌ಬೂಟು ಬಂದು ಕೇಳಿದಾಗ, "ನರಕ" ಅಂದೆ.

ಇನ್ನೊಂದು ವ್ಯತ್ಯಾಸ. ಹಳೇದರಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಎಲ್ಲರ ಫೈಲೂ ಒಂದೇ ಫೋಲ್ಡರಿಗೆ ಬೀಳುತ್ತದೆ, ಮರುದಿನ ಬೆಳಿಗ್ಗೆ ಒಟ್ಟಿಗೆ ಡಾಕ್ಟರುಗಳಿಗೆ ಹೋಗುತ್ತದೆ. ಬಿಟ್ಟಿಯಲ್ಲಿ ಕೀಚೈನು ಒಬ್ಬೊಬ್ಬರಿಗೆ ಒಂದೊಂದು ಬೀಗ ಹಾಕಿದ್ದಾನೆ. ಮುಗಿಸಿದ ತಕ್ಷಣ ಫೈಲು ಅವರವರ ಹೆಸರಿನಲ್ಲಿ ನೇರ ಡಾಕ್ಟರಿಗೆ ಹೋಗುತ್ತದೆ. ಒಬ್ಬರದನ್ನು ಇನ್ನೊಬ್ಬರು ತೆಗೆಯುವಂತಿಲ್ಲ.

ಪಕ್ಕದ ಕುರ್ಚಿಯ ನಿಟ್ಟುಸಿರಿಗೆ ಇದು ಯಾಕೋ ಹಿಡಿಸಿಲ್ಲ. "ಬೀಗ ಯಾಕಪ್ಪ ಹಾಕ್ದೆ?" ಅಂತ ಕೀಚೈನನ್ನು ಎರಡು ಸಲ ಕೇಳಿದಳು. ಎದುರಿಗೆ ಅಕ್ಕ ಅನ್ನುತ್ತೇನೆ, ನನಗಿಂತ ಹಿರಿಯಳು. ಆದರೆ ಏನು ಜೀವವೋ. ಕೂತರೆ ಉಸ್ಸಪ್ಪ, ಎದ್ದರೆ ಉಸ್ಸಪ್ಪ. ಎಲ್ಲರೂ ಮನೆಗೆ ಓಡಿದರೂ ಇವಳು ಇನ್ನೂ ಟಕಟಕ ಅಂತ ಕುಟ್ಟುತ್ತಾ ಕೂತಿರುತ್ತಾಳೆ. ಅಷ್ಟು ನಿಧಾನ. ನನ್ನ ಅರ್ಧ ಕೆಲಸವೂ ಆಗುವುದಿಲ್ಲ, ಸಂಬಳ ಮಾತ್ರ ಸಮ.

ಮಾರ್ಚ್ 12, ಬುಧವಾರ. 4.15

ಸಿಕ್ಕಿತು! ಬಿಟ್ಟಿಯ ಬಂಡವಾಳ ಬಯಲಾಯಿತು.

ನನ್ನ ಫೈಲುಗಳು ಡಾಕ್ಟರುಗಳಿಂದ ವಾಪಸ್ ಬರುತ್ತಿವೆ. ಒಂದು ಪ್ಯಾರಾ ಬೋರ್ಡಿಗೆ ಬರೆದಷ್ಟು ದಪ್ಪಕ್ಷರವಂತೆ, ಮುಂದಿನದು ಇರುವೆ ಸಾಲಿನಂತೆ ಸಣ್ಣದಂತೆ. ಅರ್ಧ ಪುಟ ಬೂದು ಬಣ್ಣ, ಪ್ರಿಂಟ್ ತೆಗೆದರೆ ಕಾಣುವುದೇ ಇಲ್ಲವಂತೆ. ಎಂಟು ವರ್ಷದಲ್ಲಿ ನನ್ನ ಒಂದು ಫೈಲೂ ವಾಪಸ್ ಬಂದಿರಲಿಲ್ಲ. ಬಿಟ್ಟಿಗೆ ಹೋಗಿ ಮೂರು ದಿನಕ್ಕೆ ಈ ಗತಿ.

ಕೀಚೈನು ಬೆವರಿದ್ದಾನೆ, ವಾಸನೆ ಬರುತ್ತಿದೆ. "ಸಿಸ್ಟಮ್‌ನಲ್ಲಿ ಏನೂ ತೊಂದ್ರೆ ಕಾಣ್ತಿಲ್ಲ ಸಾರ್" ಅಂತ ಗೊಣಗಿದ. ಕಿರ್‌ಬೂಟು ಎಲ್ಲರ ಮುಂದೆ ಅವನಿಗೆ ಮಂಗಳಾರತಿ ಎತ್ತಿದರು. ಇನ್ನೊಂದು ಸಲ ಈ ಆಫೀಸಿಗೆ ಕಾಲಿಡಬೇಡ ಅನ್ನುವವರೆಗೂ ಹೋಯಿತು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹಸಿರು ಚಿತ್ರ ಒತ್ತು ಅಂದವನು ತಾನೆ.

ಶುಕ್ರವಾರ ಮೀಟಿಂಗ್. ಎದ್ದು ನಿಂತು ಹೇಳುತ್ತೇನೆ, ಇದು ಫೈಲು ಕೆಡಿಸುವ ಸಿಸ್ಟಮ್ ಅಂತ.

ಮಾರ್ಚ್ 13. 1.50

ಊಟದ ಹೊತ್ತಿಗೆ ನಿಟ್ಟುಸಿರು ಕುರ್ಚಿ ಎಳೆದುಕೊಂಡು ಬಂದಳು. ಬೇರೆ ಯಾರೂ ಇರಲಿಲ್ಲ.

"ನಾಳೆ ಮೀಟಿಂಗ್‌ನಲ್ಲಿ ಅದನ್ನ ಹೇಳ್ಬೇಡಮ್ಮ."

"ಯಾಕಕ್ಕ? ನಿಮಗೂ ಬಿಟ್ಟಿ ಮೇಲೆ ಪ್ರೀತಿ ಬಂತಾ?"

"ಅದರ ತಪ್ಪಲ್ಲ. ಆ ರಿಪೇರಿಯವನ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ... ನಿನ್ನ ಫೈಲು ಮೊದಲಿಂದಲೂ ಹಾಗೇ ಬರ್ತಿತ್ತು."

"ಹಾಗೇ ಅಂದ್ರೆ?"

"ನೀನು ಹಳೇ ರಿಪೋರ್ಟಿಂದ ಸಾಲು ತೆಗೆದು ಅಂಟಿಸ್ತೀಯಲ್ಲ, ಬೇಗ ಆಗ್ಲಿ ಅಂತ. ಅದು ಅದರದೇ ಸೈಜು, ಅದರದೇ ಬಣ್ಣ ತಗೊಂಡು ಬರುತ್ತೆ. ಬರೆದಿದ್ದರಲ್ಲಿ ಒಂದು ತಪ್ಪೂ ಇರಲ್ಲ. ನೋಡೋಕೆ ಮಾತ್ರ... ನಾನು ಸಂಜೆ ಕೂತು ಸರಿ ಮಾಡ್ತಿದ್ದೆ. ಈಗ ಬೀಗ. ತೆಗೆಯೋಕಾಗ್ತಿಲ್ಲ."

"ಯಾವಾಗಿಂದ?"

"ನೀನು ಸೇರಿದಾಗಿಂದ."

ಡಬ್ಬಿ ಮುಚ್ಚಿ ಎದ್ದೆ. ಊಟ ಹಾಗೇ ಉಳಿದಿದೆ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ, ಮನೆ

ಶುಕ್ರವಾರ ಹೋಗಲಿಲ್ಲ. ನಿನ್ನೆಯೂ ಇಲ್ಲ. ಜ್ವರ ಅಂತ ಹೇಳಿಸಿದ್ದೇನೆ, ಮೀಟಿಂಗ್ ಈ ಶುಕ್ರವಾರಕ್ಕೆ ಮುಂದೆ ಹೋಗಿದೆ. ಇವರು ತಣ್ಣಗಿದ್ದ ಹಣೆ ಮುಟ್ಟಿ ನೋಡಿ ಗಂಜಿ ಮಾಡಿಟ್ಟರು.

ಸುಳ್ಳು ಹೇಳುತ್ತಿರಬಹುದು ಅಂದುಕೊಂಡೆ. ನಾಲ್ಕು ದಿನ ಹಾಗೇ ಅಂದುಕೊಂಡು ಕಳೆದೆ. ಇವತ್ತು ಮನೆಯ ಲ್ಯಾಪ್‌ಟಾಪಿನಲ್ಲಿ ನನ್ನದೇ ಒಂದು ಹಳೇ ಫೈಲು ತೆಗೆದೆ, ಮನೆಯಲ್ಲೇ ಟೈಪ್ ಮಾಡಿ ಇಟ್ಟುಕೊಂಡದ್ದು, ಅಕ್ಕ ಮುಟ್ಟುವ ಮೊದಲಿನದು. ಸ್ಕ್ರೀನ್ ರೀಡರಿಗೆ ಅಕ್ಷರದ ಗಾತ್ರ, ಬಣ್ಣವನ್ನೂ ಹೇಳು ಅಂತ ಕೊಟ್ಟೆ. ಆ ಸೌಲಭ್ಯ ಮೊದಲಿಂದಲೂ ಇದೆ. ಕೆಲಸಕ್ಕೆ ಸೇರಿದ ತಿಂಗಳೇ ಆಫ್ ಮಾಡಿದ್ದೆ. ಸಾಲು ಸಾಲಿಗೂ ಬಣ್ಣ ಹೇಳುತ್ತಾ ನಿಂತರೆ ವೇಗ ಎಲ್ಲಿಂದ ಬರಬೇಕು? ಬಣ್ಣ ಕಟ್ಟಿಕೊಂಡು ನನಗೇನು?

ಓದಿತು. ಹದಿನಾರು. ಕಪ್ಪು. ಒಂಬತ್ತು. ಬೂದು. ಮತ್ತೆ ಹದಿನಾರು. ಬೂದು, ಬೂದು, ಬೂದು.

ಛೀ.

ಎಲ್ಲರಿಗಿಂತ ವೇಗವಂತೆ. ಅವಳು ಸಂಜೆ ಹೊತ್ತು ಕುಟ್ಟುತ್ತಿದ್ದದ್ದು ನನ್ನ ವೇಗವನ್ನೇ. ನನ್ನ ಹಿಂದೆ ಪೊರಕೆ ಹಿಡಿದು ಬರುತ್ತಿದ್ದಳು, ನಾನು ಮುಂದೆ ಮುಂದೆ ಮೆರೆಯುತ್ತಿದ್ದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ. ಕೇಳಿದ್ದೆನಾ ನಾನು? ಯಾರು ಕೇಳಿದ್ದರು ಇವಳನ್ನು?

ಮಾರ್ಚ್ 19, ಬುಧವಾರ. ಸಂಜೆ

ಹೋದೆ. ಮೆಟ್ಟಿಲ ಹತ್ತಿರ ಅಕ್ಕನನ್ನು ನಿಲ್ಲಿಸಿದೆ.

"ನನಗೆ ಯಾಕೆ ಹೇಳಲಿಲ್ಲ?"

"ಬೇಜಾರು ಮಾಡ್ಕೋತೀಯ ಅಂತ."

"ಹೇಳಿದ್ರೆ ಒಂದು ದಿನದಲ್ಲಿ ಸರಿ ಮಾಡ್ಕೋತಿದ್ದೆ. ಒಂದು ಬಟನ್ ಅಕ್ಕ. ಒಂದೇ ಒಂದು ಬಟನ್."

"ನನಗೇನು ಗೊತ್ತಮ್ಮ ನಿನ್ನ ಬಟನ್ನು. ನಿನಗೆ ಕಾಣಲ್ಲ, ನನಗೆ ಕಾಣುತ್ತೆ, ಮಾಡ್ದೆ."

ಅವಳ ಮಾತಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಎರಡು ಉಗಿದು ಹಗುರಾಗುತ್ತಿದ್ದೆ.

"ಮ್ಯಾನೇಜರ್‌ಗೆ ಗೊತ್ತಾ?"

ಉಸ್ಸಪ್ಪ ಅಂದಳು. "ಎಲ್ಲರಿಗೂ ಗೊತ್ತು."

ಎಲ್ಲರಿಗೂ. ನಾನು "ನಿಮ್ಮದೆಲ್ಲ ಬಸವನಹುಳದ ಕೈ" ಅಂತ ಕಿಚಾಯಿಸಿದಾಗ ನಕ್ಕ ಎಲ್ಲರಿಗೂ. ಆ ನಗು ಏನು ಅಂತ ಈಗ ಅರ್ಥವಾಯಿತು. ಕರುಣೆ. ಬೈಗುಳವಾದರೂ ತಿರುಗಿಸಿ ಕೊಡಬಹುದು. ಕಿರ್‌ಬೂಟು ಕೀಚೈನಿಗೆ ಬೈದದ್ದೂ ನನಗೆ ನಿಜ ಗೊತ್ತಾಗದಿರಲಿ ಅಂತಲೇ.

ಐದಕ್ಕೆ ಕಿರ್‌ಬೂಟು ಕರೆದರು. ಈ ಸಲ ಬೂಟೂ ಮೆತ್ತಗಿತ್ತು.

"ಮೇಡಂ, ತಲೆ ಕೆಡಿಸ್ಕೋಬೇಡಿ. ಊಹೂಂ ಅಂದ್ಬಿಡಿ, ಹಳೇದರಲ್ಲೇ ಇದ್ದುಬಿಡೋಣ. ಅಪ್‌ಡೇಟ್ ಇಲ್ದಿದ್ರೆ ಆಕಾಶ ಬೀಳಲ್ಲ. ಎಲ್ಲ ಮೊದಲಿನ ಹಾಗೇ ನಡೀಲಿ. ಅಕ್ಕ ಇದ್ದಾರಲ್ಲ."

ಅಕ್ಕ ಇದ್ದಾರಲ್ಲ.

ಹಳೇ ಸಿಸ್ಟಮ್ಮಿಗೂ ಬೀಗ ಹಾಕಲು ಆಗುತ್ತದಾ ಅಂತ ಕೀಚೈನಿಗೆ ಫೋನ್ ಮಾಡಿ ಕೇಳಿದೆ. "ಅದು ಆಗಲ್ಲ ಮೇಡಂ, ಎಲ್ಲ ಒಂದೇ ಪಾಸ್‌ವರ್ಡಿಗೆ ಗಂಟು ಬಿದ್ದಿದೆ" ಅಂದ. ಆಮೇಲೆ, "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಇಲ್ಲ ಅಂದೆ. ನಿಮ್ಮ ಸಿಸ್ಟಮ್ ಸರಿ ಇದೆ, ತಪ್ಪು ನನ್ನದು, ನಾಳಿದ್ದು ಎಲ್ಲರ ಮುಂದೆ ಹೇಳುತ್ತೇನೆ ಅಂದೆ. ಆ ಕಡೆ ಝಣ್ ಅಂತ ಒಂದು ಸಲ ಆಯಿತು.

ಮಾರ್ಚ್ 21, ಶುಕ್ರವಾರ. ಸಂಜೆ

ಹೂಂ ಅಂದೆ.

"ಮೇಡಂ, ಯೋಚನೆ ಮಾಡಿ ಹೇಳ್ತಿದ್ದೀರಾ?" ಅಂದರು ಕಿರ್‌ಬೂಟು. "ಬೀಗ ಇದ್ರೆ ಯಾರೂ ಸಹಾಯ ಮಾಡೋಕಾಗಲ್ಲ. ಫೈಲು ವಾಪಸ್ ಬಂದ್ರೆ ನಿಮ್ಮ ಹೆಸರಿಗೇ ಬರುತ್ತೆ. ಹೀಗೇ ಬರ್ತಾ ಇದ್ರೆ ನಾನು ನಿಮ್ಮನ್ನ ಫೋನಿನ ಕುರ್ಚಿಗೆ—"

"ಬರಲಿ. ಆಮೇಲೆ ಕಳಿಸಿ, ಹೋಗ್ತೀನಿ" ಅಂದೆ. ಕೀಚೈನಿನ ಸಿಸ್ಟಮ್ ಸರಿ ಇದೆ, ತಪ್ಪು ನನ್ನದು ಅಂತಲೂ ಹೇಳಿದೆ. ಯಾರೂ ನಗಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕನಿಗೆ, "ಇನ್ನು ನನ್ನ ಫೈಲು ನಿಮಗೆ ಸಿಗಲ್ಲ" ಅಂದೆ. ಥ್ಯಾಂಕ್ಸ್ ಹೇಳಬೇಕು ಅಂತ ಬೆಳಿಗ್ಗೆಯಿಂದ ಅಂದುಕೊಂಡಿದ್ದೆ, ಬಾಯಿಗೆ ಬಂದದ್ದು ಇದು. "ಸರಿಯಮ್ಮ" ಅಂದಳು. ಐದೂವರೆಗೇ ಬ್ಯಾಗು ತಗೊಂಡು ಹೊರಟಳು. ಅಷ್ಟು ಬೇಗ ಅವಳು ಮೆಟ್ಟಿಲಿಳಿದದ್ದು ನಾನು ಕೇಳಿಯೇ ಇರಲಿಲ್ಲ. ಅವಳಿಗೆ ನೋವಾಗಿದೆ. ನನಗೂ ಆಗಿದೆ. ಆದರೂ ಹೂಂ ಹೂಂನೇ.

ಮಾರ್ಚ್ 24, ಸೋಮವಾರ. 11.20

ಎಲ್ಲರೂ ಬಿಟ್ಟಿಗೆ ಬಂದೆವು. ಗಾತ್ರ ಬಣ್ಣ ಹೇಳುವ ಬಟನ್ ಆನ್. ಅಬ್ಬಬ್ಬಾ, ಏನು ಕಾಟ. ನಾಲ್ಕು ಪದಕ್ಕೊಮ್ಮೆ ಬಣ್ಣ. ಬೆಳಿಗ್ಗೆಯಿಂದ ಮುಗಿಸಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಈ ಕೋಣೆಯಲ್ಲಿ ಈಗ ಎಲ್ಲರಿಗಿಂತ ನಿಧಾನ ನಾನೇ.

3.05

ಒಂದು ವಾಪಸ್ ಬಂತು. ಶ್ವಾಸಕೋಶದವನೇ. ನನ್ನ ಹೆಸರು ಹಾಕಿ ಬರೆದಿದ್ದಾನೆ, "ಇದನ್ನು ಟೈಪ್ ಮಾಡಿದವರಿಗೆ ತಲೆ ಇದೆಯೇ?"

ಜಗಿದುಕೊಂಡು ಮಾತಾಡುವವನಿಗೆ ಎಷ್ಟು ಕೊಬ್ಬು ನೋಡು. ಮತ್ತೊಮ್ಮೆ ಓದಿಸಿದೆ. ಎಂಟು ವರ್ಷದಲ್ಲಿ ಈ ಕೆಲಸಕ್ಕೆ ನನ್ನನ್ನು ಬೈದ ಮೊದಲ ಮನುಷ್ಯ. ಮೂರನೇ ಸಲವೂ ಓದಿಸಿದೆ.

ಹುಡುಕಿದೆ. ಕೊನೆಯ ಪ್ಯಾರಾ, ಬೂದು. ಕಪ್ಪು ಮಾಡಿ ಕಳಿಸಿದೆ. ಯಾರನ್ನೂ ಕೇಳಲಿಲ್ಲ, ಯಾರೂ ನೋಡಲಿಲ್ಲ.

ಇನ್ನೊಂದು ಬಂತು. ಇದೂ ನನ್ನದೇ. ಇರಲಿ, ಮೊದಲು ಇದನ್ನು ಸರಿ ಮಾಡುತ್ತೇನೆ.